ನದಿ ಬಳಸಿ ಹೋದ ಊರು: ಜೀಸ್ ಬೆಂಡ್‌ನ ನೆಲ, ಲಾಂಚು ಮತ್ತು ಕೌದಿ

ಒಂದು ಕೌದಿ ಇದೆ. 1942ರಲ್ಲಿ ಹೊಲಿದದ್ದು. ಹೊಲಿದವರು ಅಮೆರಿಕದ ಅಲಬಾಮಾ ರಾಜ್ಯದ ಮಿಸ್ಸೂರಿ ಪೆಟ್ವೇ. ಅವರ ಗಂಡ ಎಂಟು ತಿಂಗಳು ಕಾಯಿಲೆಯಿಂದ ನರಳಿ ತೀರಿಕೊಂಡರು. ಹೊಲದ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಅವರ ಪ್ಯಾಂಟು, ಅಂಗಿ ಮನೆಯಲ್ಲೇ ಉಳಿದವು. ಮಿಸ್ಸೂರಿ ಅವನ್ನು ಹರಿದು, ಪಟ್ಟಿ ಮಾಡಿ, ಜೋಡಿಸಿ ಕೌದಿ ಹೊಲಿದರು. ಗಂಡನ ನೆನಪಿಗೆ, ಅವರ ಪ್ರೀತಿಯನ್ನೇ ಹೊದ್ದು ಮಲಗೋದಕ್ಕೆ. ಈ ವಿಷಯವನ್ನು ಎಷ್ಟೋ ವರ್ಷದ ಮೇಲೆ ಹೇಳಿದವರು ಮಗಳು ಆರ್ಲಾಂಜಿಯಾ. ಅಪ್ಪ ಹೋದಾಗ ಆಕೆಗೆ ಹದಿನೇಳೋ ಹದಿನೆಂಟೋ.

ಇಂಥ ಕೆಲಸದ ಬಟ್ಟೆಯ ಕೌದಿಗಳನ್ನು ಹತ್ತಿರದಿಂದ ನೋಡಬೇಕು. ಬಣ್ಣ ಹೋದ ನೀಲಿ ಬಟ್ಟೆಯ ನಡುವೆ ಒಂದು ಚೌಕ ಮಾತ್ರ ಕಡುನೀಲಿಯಾಗಿ ಉಳಿದಿರುತ್ತದೆ. ಅಲ್ಲಿ ಮೊದಲು ಜೇಬಿತ್ತು. ಜೇಬು ಬಿಚ್ಚಿದ್ದಾರೆ. ಸುತ್ತಲಿನ ಬಟ್ಟೆ ಬಿಸಿಲಿಗೆ ಬಿಳಿಚಿಕೊಂಡಿದೆ, ಜೇಬಿನ ಅಡಿಯಲ್ಲಿದ್ದದ್ದು ಹೊಸದರ ಹಾಗೇ ಇದೆ. ಮೊಣಕಾಲು ಬರುವ ಜಾಗ ಸವೆದು ತೆಳ್ಳಗಾಗಿದೆ. ಆ ಮನುಷ್ಯ ಎಷ್ಟು ಬಗ್ಗಿದ, ಎಷ್ಟು ಸಲ ಮಂಡಿಯೂರಿದ ಅನ್ನೋದು ಬಟ್ಟೆಯಲ್ಲೇ ಕಾಣುತ್ತದೆ.

ಈ ಕೌದಿ ಹುಟ್ಟಿದ ಊರು ಜೀಸ್ ಬೆಂಡ್. 2010ರ ಜನಗಣತಿಯಲ್ಲಿ ಅಲ್ಲಿದ್ದವರು 275 ಜನ. ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ, ಗುಲಾಮರಾಗಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಇಷ್ಟು ಪುಟ್ಟ ಊರಿನ ಕೌದಿ ನ್ಯೂಯಾರ್ಕಿನ ಮ್ಯೂಸಿಯಂ ಗೋಡೆ ಹೇಗೆ ಏರಿತು ಅಂತ ಎಲ್ಲರೂ ಕೇಳುತ್ತಾರೆ. ನನ್ನನ್ನು ಜಾಸ್ತಿ ಕಾಡುವುದು ಅದಕ್ಕೂ ಹಿಂದಿನ ಪ್ರಶ್ನೆ. ಇಷ್ಟೆಲ್ಲ ಆದಮೇಲೂ ಈ ಊರು ಚದುರಿಹೋಗದೆ ಉಳಿದದ್ದು ಹೇಗೆ? ನನಗೆ ತಿಳಿದಮಟ್ಟಿಗೆ ಅದರ ಉತ್ತರ ಊರಿನ ನೆಲದಲ್ಲಿದೆ. ಆ ನೆಲ ಯಾರ ಹೆಸರಿನಲ್ಲಿತ್ತು ಅನ್ನೋದರಲ್ಲಿದೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಅಲಬಾಮಾ ನದಿ ಸೆಲ್ಮಾ ಪಟ್ಟಣ ದಾಟಿ ನೈಋತ್ಯಕ್ಕೆ ಹರಿಯುತ್ತದೆ. ವಿಲ್ಕಾಕ್ಸ್ ಕೌಂಟಿಯೊಳಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಂದ ಮೇಲೆ ಅದು ಕುದುರೆ ಲಾಳದ ಹಾಗೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಆ ಲಾಳದ ಒಳಗಿದೆ ಜೀಸ್ ಬೆಂಡ್. ಬೆಂಡ್ ಅಂದರೆ ತಿರುವು ಅಂತಲೇ ಅರ್ಥ. ಮೂರು ಕಡೆ ನೀರು, ಒಂದು ಕಡೆ ಮಾತ್ರ ದಾರಿ. ಕೋರ್ಟು, ಕಚೇರಿ, ಆಸ್ಪತ್ರೆ, ಅಂಗಡಿ ಎಲ್ಲ ಇರುವುದು ಆಚೆ ದಡದ ಕ್ಯಾಮ್ಡೆನ್‌ನಲ್ಲಿ. ಲಾಂಚ್ ಇದ್ದರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ನದಿ ದಾಟಬಹುದು. ಲಾಂಚ್ ಇಲ್ಲ ಅಂದರೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು, ಸುಮಾರು 65 ಕಿಲೋಮೀಟರ್. ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಲಾಂಚ್ ಅಂದರೆ ಏನು ಅಂತ ಅವರಿಗೆ ಗೊತ್ತು.

ಈ ಸೀಮೆಗೆ ಅಮೆರಿಕದಲ್ಲಿ ‘ಬ್ಲ್ಯಾಕ್ ಬೆಲ್ಟ್’ ಅಂತ ಹೆಸರು, ಅಂದರೆ ಕಪ್ಪು ಪಟ್ಟಿ. ಹೆಸರು ಬಂದದ್ದು ಅಲ್ಲಿನ ಕಪ್ಪು ಮಣ್ಣಿನಿಂದ. ಆ ಮಣ್ಣಿಗೆ ಹತ್ತಿ ಚೆನ್ನಾಗಿ ಬರುತ್ತದೆ. ಹತ್ತಿ ಬಿಡಿಸೋದಕ್ಕೆ ಸಾವಿರಾರು ಕೈ ಬೇಕು. ಆ ಕೈಗಳನ್ನು ದುಡ್ಡು ಕೊಟ್ಟು ಕೊಂಡು ತಂದರು. ಹಾಗಾಗಿ ಆ ಹೆಸರು ಮಣ್ಣಿಗೂ ಅಂಟಿತು, ಜನಕ್ಕೂ ಅಂಟಿತು. ಈ ಹತ್ತಿಯ ಎಳೆ ನಮ್ಮ ಕಡೆಗೂ ಬಂದಿದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ತೆಂಕಣ ಸೀಮೆಯ ಹತ್ತಿ ಬೀಜವನ್ನು ಧಾರವಾಡದ ಎರೆ ಹೊಲಗಳಿಗೆ ತಂದಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಇಳಿಯಿತು. ಆ ಯುದ್ಧ ಯಾರ ಬಿಡುಗಡೆಗೆ ನಡೆಯಿತೋ, ಆ ಜನರೇ ಜೀಸ್ ಬೆಂಡ್‌ನವರು.

ಜೋಸೆಫ್ ಜೀ ಎಂಬ ಬಿಳಿ ಜಮೀನ್ದಾರ 1816ರಲ್ಲಿ ನಾರ್ತ್ ಕ್ಯಾರೊಲೈನಾದಿಂದ ಬಂದು ಈ ತಿರುವಿನಲ್ಲಿ ಹತ್ತಿ ತೋಟ ಹಾಕಿದ. ಊರಿಗೆ ಅವನ ಹೆಸರೇ ನಿಂತಿತು. ಅವನು ಸತ್ತ ಮೇಲೆ ಜಮೀನು ಮತ್ತು 47 ಗುಲಾಮರು ಅಣ್ಣತಮ್ಮಂದಿರ ಮಕ್ಕಳಿಗೆ ಹೋದರು. ಆಸ್ತಿಪತ್ರದಲ್ಲಿ ಹೊಲ, ಎತ್ತು, ಮನುಷ್ಯ ಎಲ್ಲ ಒಂದೇ ಪಟ್ಟಿಯಲ್ಲಿ ಬರೋ ಕಾಲ ಅದು. 1845ರಲ್ಲಿ ಆ ಮನೆಯವರು ಸಾಲ ತೀರಿಸೋದಕ್ಕೆ ತೋಟವನ್ನು ನೆಂಟ ಮಾರ್ಕ್ ಪೆಟ್ವೇಗೆ ಬಿಟ್ಟುಕೊಟ್ಟರು. ಪೆಟ್ವೇ ತನ್ನ ಸಂಸಾರದ ಜೊತೆ ಸುಮಾರು 100 ಗುಲಾಮರನ್ನು ನಾರ್ತ್ ಕ್ಯಾರೊಲೈನಾದಿಂದ ಹೊರಡಿಸಿದ. ಬಿಳಿಯರು ಗಾಡಿಯಲ್ಲಿ ಬಂದರು. ಅಡುಗೆಯವರೊಬ್ಬರನ್ನು ಬಿಟ್ಟು ಉಳಿದ ಗುಲಾಮರೆಲ್ಲ ನಡೆದೇ ಬಂದರು ಅಂತ ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ದಾರಿ.

ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಹೋಯಿತು. ಬಿಡುಗಡೆಯಾದವರಲ್ಲಿ ತುಂಬಾ ಜನ ತೋಟದೊಡೆಯನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಇವತ್ತಿಗೂ ಊರಿನಲ್ಲಿ ಎಲ್ಲಿ ನೋಡಿದರೂ ಪೆಟ್ವೇಗಳು. ಪೆಟ್ವೇಗೂ ಪೆಟ್ವೇಗೂ ಮದುವೆ ಆಗಿದೆ, ಮತ್ತೆ ಅವರಲ್ಲಿ ಎಷ್ಟೋ ಜನ ರಕ್ತಸಂಬಂಧಿಗಳಲ್ಲ.

ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. ಹಳೆ ಒಡೆಯನ ಹೊಲದಲ್ಲೇ ಬೆಳೆಯ ಪಾಲಿಗೆ, ಗೇಣಿಗೆ ದುಡಿದರು. 1895ರಲ್ಲಿ ಪೆಟ್ವೇ ಮನೆತನ ಜಮೀನು ಮಾರಿತು. ಹೊಸ ಒಡೆಯರು ಇದ್ದದ್ದು ದೂರದ ಟಸ್ಕಲೂಸಾದಲ್ಲಿ. ಹೀಗಾಗಿ ಊರಿನಲ್ಲಿ ಬಿಳಿಯರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಾದರು. ಹೊರಗಿನವರ ಓಡಾಟವೂ ಇಲ್ಲ. ಹಾಡು, ಪ್ರಾರ್ಥನೆ, ಅಡುಗೆ, ಹೊಲಿಗೆ ಎಲ್ಲ ಅವರವರಲ್ಲೇ, ಅಜ್ಜಿಯಿಂದ ಮೊಮ್ಮಗಳಿಗೆ ಸಾಗಿದವು.

ಈಗ 1932ರ ಮಾತು. ಇದನ್ನು ನಿಧಾನವಾಗಿ ಹೇಳಬೇಕು. ಮುಂದೆ ಆದದ್ದಕ್ಕೆಲ್ಲ ಇದೇ ಬುಡ.

ಗೇಣಿ ರೈತನ ಲೆಕ್ಕ ಹೀಗಿತ್ತು. ಬಿತ್ತನೆ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ. ಬೀಜ, ಗೊಬ್ಬರ, ಜೋಳದ ಹಿಟ್ಟು, ಬಟ್ಟೆ ಎಲ್ಲ ಕ್ಯಾಮ್ಡೆನ್‌ನ ವ್ಯಾಪಾರಿ ಸಾಲಕ್ಕೆ ಕೊಡುತ್ತಾನೆ. ಹತ್ತಿ ಬಂದ ಮೇಲೆ ಅವನಿಗೇ ಹಾಕಬೇಕು. ಲೆಕ್ಕ ಬರೆಯುವವನು ಅವನೇ. 1920ರ ದಶಕದಲ್ಲಿ ಹತ್ತಿ ಬೆಲೆ ಇಳಿಯುತ್ತಾ ಬಂತು. 1931ರ ಹೊತ್ತಿಗೆ ಒಂದು ಪೌಂಡಿಗೆ ಐದಾರು ಸೆಂಟ್ ಸಿಕ್ಕರೆ ಹೆಚ್ಚು. ಹತ್ತಿ ಕೊಟ್ಟರೂ ಸಾಲ ತೀರಲಿಲ್ಲ, ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅಷ್ಟರಲ್ಲಿ ವ್ಯಾಪಾರಿ ತೀರಿಕೊಂಡ. ಅವನ ಹೆಂಡತಿ ಬಾಕಿಯೆಲ್ಲ ಒಂದೇ ಸಲಕ್ಕೆ ವಸೂಲಿಗೆ ಹಾಕಿದರು.

ವಸೂಲಿಗೆ ಜನ ಬಂದರು. ಸುಮಾರು 60 ಸಂಸಾರಗಳ ಮನೆ ಹೊಕ್ಕರು. ಹೇಸರಗತ್ತೆ, ಹಸು, ಹಂದಿ, ಕೋಳಿ, ನೇಗಿಲು, ಗಾಡಿ, ಕಣಜದ ಜೋಳ, ಮುಂದಿನ ವರ್ಷದ ಬೀಜ. ಸಾಗಿಸಲು ಆಗುವುದನ್ನೆಲ್ಲ ಸಾಗಿಸಿದರು. ಮುಂದಿದ್ದದ್ದು ಚಳಿಗಾಲ. ಜನ ಕಾಡಿನ ಹಣ್ಣು, ನದಿಯ ಮೀನು, ಬೇಟೆಯ ಮಾಂಸ ತಿಂದು ದಿನ ತಳ್ಳಿದರು. ರೆಡ್‌ಕ್ರಾಸ್ ಕಳಿಸಿದ ಹಿಟ್ಟು ಬಂದು ಜೀವ ಉಳಿಯಿತು. ಆ ಕಾಲ ಕಂಡವರು ಮುದುಕರಾದ ಮೇಲೂ ಆ ಚಳಿಗಾಲದ ಮಾತು ಬಂದರೆ ಸುಮ್ಮನಾಗಿಬಿಡುತ್ತಿದ್ದರಂತೆ. ನೇಗಿಲು ಹೋದ ರೈತನ ಮನೆಯಲ್ಲಿ ಹೇಳೋದಕ್ಕೆ ಏನು ಉಳಿದಿರುತ್ತದೆ ಹೇಳಿ.

ಸುದ್ದಿ ವಾಷಿಂಗ್ಟನ್‌ಗೆ ಮುಟ್ಟಿತು. ರೂಸ್‌ವೆಲ್ಟ್ ಸರ್ಕಾರ ಆಗ ಬಡ ರೈತರಿಗೆ ಮತ್ತೆ ನೆಲೆ ಕಲ್ಪಿಸುವ ಯೋಜನೆ ನಡೆಸುತ್ತಿತ್ತು. 1937ರಲ್ಲಿ ಆರ್ಥರ್ ರಾತ್‌ಸ್ಟೀನ್ ಎಂಬ ಸರ್ಕಾರಿ ಫೋಟೋಗ್ರಾಫರ್ ಊರಿಗೆ ಬಂದರು. ಅವರು ತೆಗೆದ ಚಿತ್ರಗಳನ್ನು ಇವತ್ತೂ ನೋಡಬಹುದು. ಮರದ ದಿಮ್ಮಿಯ ಗೋಡೆ, ಸಂದಿಗೆ ಮೆತ್ತಿದ ಮಣ್ಣು. ಒಳಗೆ ಗೋಡೆ ತುಂಬಾ ಹಳೆ ಪತ್ರಿಕೆಯ ಹಾಳೆ, ಗಾಳಿ ನುಗ್ಗದಿರಲಿ ಅಂತ ಅಂಟಿಸಿದ್ದು. ಒಂದು ಚಿತ್ರದಲ್ಲಿ ಪುಟ್ಟ ಹುಡುಗಿ ಕಿಟಕಿಯಿಂದ ಆಚೆ ನೋಡುತ್ತಿದ್ದಾಳೆ. ಕಿಟಕಿಗೆ ಗಾಜಿಲ್ಲ, ಹಲಗೆಯ ಬಾಗಿಲು. ಬಾಗಿಲ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ನಗುತ್ತಿರುವ ಬಿಳಿ ಹೆಂಗಸಿನ ಜಾಹೀರಾತು. ಹುಡುಗಿ ಅದನ್ನು ನೋಡುತ್ತಿಲ್ಲ. ಹೊರಗಿನ ಬೆಳಕು ನೋಡುತ್ತಿದ್ದಾಳೆ.

ಅದೇ ವರ್ಷ ಸರ್ಕಾರ ಸುಮಾರು 10,000 ಎಕರೆ ಕೊಂಡುಕೊಂಡಿತು. ಮನೆ ಕಟ್ಟಿಸಿತು. ಊರಿನವರು ಅವನ್ನು ‘ರೂಸ್‌ವೆಲ್ಟ್ ಮನೆ’ ಅಂತಲೇ ಕರೆದರು. ಶಾಲೆ, ಅಂಗಡಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಚಿಕಿತ್ಸಾಲಯ ಬಂದವು. 1940ರ ದಶಕದಲ್ಲಿ ಆ ಹೊಲ, ಆ ಮನೆಗಳನ್ನು ಕಡಿಮೆ ಬಡ್ಡಿಯ ಕಂತಿನಲ್ಲಿ ಅಲ್ಲಿನ ಸಂಸಾರಗಳಿಗೇ ಮಾರಿತು. ನಡೆದು ಬಂದವರ ಮೊಮ್ಮಕ್ಕಳು ಅದೇ ತೋಟದ ಮಾಲೀಕರಾದರು. ಆ ಸೀಮೆಯಲ್ಲಿ ಇಂಥದ್ದು ತೀರಾ ಅಪರೂಪ. ಬೇರೆ ಕಡೆಯ ಕಪ್ಪು ರೈತರು ಹೊಲ ಬಿಟ್ಟು ಷಿಕಾಗೋ, ಡೆಟ್ರಾಯ್ಟ್ ಕಡೆ ಗುಳೆ ಹೋಗುತ್ತಿದ್ದ ಕಾಲ ಅದು. ಜೀಸ್ ಬೆಂಡ್‌ನಿಂದಲೂ ಹೋದರು, ಆದರೆ ಹಿಂದಿರುಗಿ ಬರೋದಕ್ಕೆ ಒಂದು ಮನೆ ಇತ್ತು.

1949ರಲ್ಲಿ ಊರಿನ ಹೆಸರು ಕಾಗದದ ಮೇಲೆ ‘ಬಾಯ್ಕಿನ್’ ಆಯಿತು, ಒಬ್ಬ ಬಿಳಿ ಸಂಸದನ ಹೆಸರು. ಅಂಚೆ ವಿಳಾಸಕ್ಕೆ ಅದು ಸರಿ. ಬಾಯಲ್ಲಿ ಮಾತ್ರ ಇಂದಿಗೂ ಜೀಸ್ ಬೆಂಡ್.

ಮಾಲೀಕತ್ವದ ಬೆಲೆ ಏನು ಅಂತ 1960ರ ದಶಕದಲ್ಲಿ ಗೊತ್ತಾಯಿತು. ವಿಲ್ಕಾಕ್ಸ್ ಕೌಂಟಿಯಲ್ಲಿ ಕಪ್ಪು ಜನರೇ ಜಾಸ್ತಿ. ಆದರೆ 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಸೊನ್ನೆ. ಹೇಗೆ ಅಂತೀರಾ? ಹೆಸರು ಸೇರಿಸಬೇಕಾದರೆ ಪರೀಕ್ಷೆ ಪಾಸಾಗಬೇಕು. ಅದರ ಜೊತೆಗೆ ಈಗಾಗಲೇ ಮತದಾರರಾದ ಒಬ್ಬರು ‘ಇವರು ಒಳ್ಳೆಯವರು’ ಅಂತ ಜಾಮೀನು ನಿಲ್ಲಬೇಕು. ಮತದಾರರೆಲ್ಲ ಬಿಳಿಯರು. ಅವರು ನಿಲ್ಲೋದಿಲ್ಲ. ಕಪ್ಪು ಜನರಲ್ಲಿ ಮತದಾರರೇ ಇಲ್ಲ, ಹಾಗಾಗಿ ಅವರು ಒಬ್ಬರಿಗೊಬ್ಬರು ಜಾಮೀನು ಆಗೋ ಹಾಗೂ ಇಲ್ಲ. ಸುತ್ತಿ ಸುತ್ತಿ ಬಾಗಿಲು ಮುಚ್ಚಿಯೇ ಇರುತ್ತದೆ.

ಅದರ ಮೇಲೆ ಹೆದರಿಕೆ. ಗೇಣಿ ರೈತ ಹೆಸರು ಬರೆಸಲು ಹೋದ ಅಂತ ಗೊತ್ತಾದರೆ ಒಡೆಯ ಒಕ್ಕಲೆಬ್ಬಿಸುತ್ತಿದ್ದ. ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳು ಹೀಗೆ ಬೀದಿಗೆ ಬಿದ್ದವು. ಜೀಸ್ ಬೆಂಡ್‌ನವರನ್ನು ಹೊಲದಿಂದ ಎಬ್ಬಿಸೋದಕ್ಕೆ ಆಗುತ್ತಿರಲಿಲ್ಲ. ಹೊಲ ಅವರದ್ದು. ಹಾಗಾಗಿ ಅವರು ಧೈರ್ಯವಾಗಿ ನದಿ ದಾಟಿ ಕ್ಯಾಮ್ಡೆನ್ ಕಚೇರಿಗೆ ಹೋಗತೊಡಗಿದರು. 1962ರಲ್ಲಿ ಲಾಂಚ್ ನಿಂತಿತು. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಆಗಿನ ಶೆರಿಫ್ ಹೇಳಿದ ಅಂತ ಒಂದು ಮಾತು ಊರಿನಲ್ಲಿ ಉಳಿದಿದೆ. “ಅವರು ಕಪ್ಪು ಅಂತ ನಾವು ಲಾಂಚ್ ನಿಲ್ಲಿಸಲಿಲ್ಲ. ತಾವು ಕಪ್ಪು ಅನ್ನೋದನ್ನು ಅವರು ಮರೆತರು, ಅದಕ್ಕೆ ನಿಲ್ಲಿಸಿದೆವು.” ನೆಲ ಕಿತ್ತುಕೊಳ್ಳಲು ಆಗದವರು ನೀರಿನ ದಾರಿ ಕಿತ್ತುಕೊಂಡರು.

1965ರ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೀಸ್ ಬೆಂಡ್‌ಗೆ ಬಂದರು. ರಾತ್ರಿ, ಜಡಿಮಳೆ. ಪ್ಲೆಸೆಂಟ್ ಗ್ರೋವ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜನ ಅವರಿಗಾಗಿ ಕಾದಿದ್ದರು. ಅದಾದ ಮೇಲೆ ಊರಿನ ಗಂಡಸರು, ಹೆಂಗಸರು ಕ್ಯಾಮ್ಡೆನ್ ಬೀದಿಯಲ್ಲಿ ಮೆರವಣಿಗೆ ನಡೆದರು, ಜೈಲಿಗೂ ಹೋದರು. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾನೂನು ಬಂತು. 1978ರಲ್ಲಿ ಅದೇ ಕೌಂಟಿಯ ಜನ ಪ್ರಿನ್ಸ್ ಆರ್ನಾಲ್ಡ್ ಎಂಬ ಕಪ್ಪು ಯುವಕನನ್ನು ಶೆರಿಫ್ ಆಗಿ ಆರಿಸಿದರು. ಲಾಂಚ್ ಮಾತ್ರ ಆಗಲೂ ಬರಲಿಲ್ಲ. ಇದೇ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. 1960ರ ದಶಕದ ಕೊನೆಗೆ ಕೆಳಗಡೆ ಮಿಲ್ಲರ್ಸ್ ಫೆರಿ ಅಣೆಕಟ್ಟು ಕಟ್ಟಿದರು. ಹಿನ್ನೀರು ಏರಿ ನದಿ ಅಂಚಿನ ಒಳ್ಳೊಳ್ಳೆ ಹೊಲಗಳು ಸಾವಿರಾರು ಎಕರೆ ಮುಳುಗಿದವು. ಬೇಸಾಯ ಅಲ್ಲಿಗೆ ಸೊರಗಿತು.

ಇಷ್ಟೂ ಕಾಲ ಹೆಂಗಸರು ಕೌದಿ ಹೊಲಿಯುತ್ತಲೇ ಇದ್ದರು. ಚಂದಕ್ಕೆ ಅಂತ ಶುರುವಾದದ್ದಲ್ಲ. ಹಲಗೆ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ, ಮಕ್ಕಳು ಹತ್ತೋ ಹನ್ನೆರಡೋ. ಒಂದರ ಮೇಲೊಂದು ನಾಲ್ಕೈದು ಕೌದಿ ಹೊದಿಸಬೇಕು, ಅಡಿಗೂ ಹಾಸಬೇಕು. ಹರಿದ ಡೆನಿಮ್ ಪ್ಯಾಂಟು, ಹಿಟ್ಟಿನ ಚೀಲ, ಗೊಬ್ಬರದ ಚೀಲ, ಹಳೆ ಲಂಗ, ಕೈಗೆ ಸಿಕ್ಕಿದ್ದೆಲ್ಲ ಮೇಲ್ಬಟ್ಟೆ. ಒಳಗೆ ತುಂಬಲು ಜಿನ್ನಿನ ನೆಲದಿಂದ ಗುಡಿಸಿ ತಂದ ಹತ್ತಿ. ಅದನ್ನು ಕೋಲಿನಲ್ಲಿ ಬಡಿದು ಬಡಿದು ಹರಡುತ್ತಿದ್ದರು. ಮೇಲ್ಭಾಗವನ್ನು ಒಬ್ಬೊಬ್ಬರೇ ಮನೆಯಲ್ಲಿ ಜೋಡಿಸುತ್ತಾರೆ. ಆಮೇಲೆ ನಾಲ್ಕಾರು ಜನ ಸೇರಿ, ಚೌಕಟ್ಟಿಗೆ ಬಿಗಿದು, ದೇವರ ಹಾಡು ಹೇಳುತ್ತಾ ಮೂರು ಪದರ ಸೇರಿಸಿ ಹೊಲಿಯುತ್ತಾರೆ.

ಮಾದರಿಗಳಿಗೆ ಹೆಸರಿದೆ. ‘ಹೌಸ್‌ಟಾಪ್’ ಅಂದರೆ ಚಾವಣಿ: ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿ, ಅದರ ಸುತ್ತ ಮತ್ತೆ ಪಟ್ಟಿ. ಚಾವಣಿಯನ್ನು ಮೇಲಿನಿಂದ ನೋಡಿದ ಹಾಗೆ. ‘ಬ್ರಿಕ್‌ಲೇಯರ್’ ಇಟ್ಟಿಗೆ ಜೋಡಿಸಿದಂತೆ. ‘ಲೇಜಿ ಗ್ಯಾಲ್’ ಬರೀ ಉದ್ದುದ್ದ ಪಟ್ಟಿ, ಸೋಮಾರಿ ಹುಡುಗಿಯೂ ಹೊಲಿಯಬಹುದು ಅಂತ. ಆದರೆ ಅಲ್ಲಿನವರು ಹೆಮ್ಮೆಯಿಂದ ಹೇಳೋದು ‘ಮೈ ವೇ’, ಅಂದರೆ ನನ್ನ ದಾರಿ. ಸಾಲು ನೇರವಾಗಿ ಬಂದು ಇದ್ದಕ್ಕಿದ್ದಂತೆ ಓರೆಯಾಗುತ್ತದೆ. ಹದಿನೈದು ನೀಲಿ ಪಟ್ಟಿಯ ನಡುವೆ ಒಂದೇ ಒಂದು ಕೆಂಪು. ಬಟ್ಟೆ ಸಾಲದೆ ಹಾಗಾಯಿತೋ, ಬೇಕು ಅಂತಲೇ ಇಟ್ಟರೋ ಅಂತ ನೋಡುವವರು ಕೇಳುತ್ತಾರೆ. ಎರಡೂ ನಿಜ ಅಂತ ನನಗೆ ಅನಿಸುತ್ತದೆ. ಇರೋದೇ ಒಂದು ಕೆಂಪು ತುಂಡು ಅಂದಾಗ ಅದನ್ನು ಎಲ್ಲಿ ಇಡಬೇಕು ಅಂತ ಕೈ ತುಂಬಾ ಹೊತ್ತು ಯೋಚಿಸುತ್ತದೆ. ಕೌದಿ ಹೊಲಿಯೋ ಮನೆಯಲ್ಲಿ ಬೆಳೆದವರು ಇದನ್ನು ಕಂಡೇ ಇರುತ್ತಾರೆ.

1965ರ ಡಿಸೆಂಬರ್‌ನಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಆ ಕಡೆ ಹೋಗುತ್ತಿದ್ದಾಗ ಹಗ್ಗದ ಮೇಲೆ ಒಣಹಾಕಿದ ಕೌದಿಗಳನ್ನು ಕಂಡು ನಿಂತರು. ಮತದ ಹಕ್ಕು ಕೇಳಿದ್ದಕ್ಕೆ ಕೆಲಸ ಕಳೆದುಕೊಂಡವರು ಸುತ್ತಲೂ ಇದ್ದರು. ಕೌದಿ ಮಾರಿದರೆ ನಾಲ್ಕು ಕಾಸು ಆದೀತು ಅನ್ನೋ ಯೋಚನೆ ಬಂತು. 1966ರಲ್ಲಿ ಹೆಂಗಸರು ಸೇರಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. ನ್ಯೂಯಾರ್ಕ್ ಅಂಗಡಿಗಳಿಗೆ ಕೌದಿ ಹೋಯಿತು. 1970ರ ದಶಕದಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿ ಕಾರ್ಡುರಾಯ್ ದಿಂಬುಚೀಲಗಳ ಆರ್ಡರ್ ಕೊಟ್ಟಿತು. ಅಂಗಡಿಯ ಕೆಲಸ ಅಂದರೆ ಎಲ್ಲ ಒಂದೇ ಅಳತೆ, ಒಂದೇ ನಮೂನೆ. ‘ನನ್ನ ದಾರಿ’ಗೆ ಅಲ್ಲಿ ಜಾಗವಿಲ್ಲ. ಆದರೆ ಉಳಿದ ಕಾರ್ಡುರಾಯ್ ತುಂಡುಗಳನ್ನು ಅವರು ಮನೆಗೆ ತಂದರು. ಆ ದಪ್ಪ ಗೀರುಬಟ್ಟೆಯಲ್ಲಿ ಹೊಲಿದ ಕೌದಿಗಳು ಇಂದು ಊರಿನ ಅತಿ ಚಂದದ ಕೌದಿಗಳಲ್ಲಿ ಸೇರಿವೆ.

ಹೊರಜಗತ್ತು ಪೂರ್ತಿ ಕಣ್ಣು ಬಿಟ್ಟದ್ದು 2002ರಲ್ಲಿ. ಅಟ್ಲಾಂಟಾದ ಕಲಾಸಂಗ್ರಾಹಕ ವಿಲಿಯಂ ಆರ್ನೆಟ್ ಒಂದು ಫೋಟೋ ನೋಡಿದ್ದರು. ಸೌದೆ ರಾಶಿಯ ಮೇಲೆ ಹರಡಿದ್ದ ಆನಿ ಮೇ ಯಂಗ್ ಅವರ ಕೌದಿ. ಅದನ್ನು ಹುಡುಕಿಕೊಂಡು ಊರಿಗೆ ಬಂದರು. ಮುಂದೆ ಹ್ಯೂಸ್ಟನ್‌ನ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿ ಪ್ರದರ್ಶನ ಆಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳ ಅಂಚೆಚೀಟಿ ತಂದಿತು. 2015ರಲ್ಲಿ ಮೇರಿ ಲೀ ಬೆಂಡಾಲ್ಫ್, ಲೂಸಿ ಮಿಂಗೊ, ಲೊರೆಟ್ಟಾ ಪೆಟ್ವೇ ಅವರಿಗೆ ರಾಷ್ಟ್ರೀಯ ಪರಂಪರೆ ಗೌರವ ಸಿಕ್ಕಿತು. ಹೆಸರು ಬಂತು, ದುಡ್ಡು ಯಾರಿಗೆ ಎಷ್ಟು ಹೋಯಿತು ಅನ್ನೋ ಜಗಳವೂ ಬಂತು. 2007ರಲ್ಲಿ ಕೆಲವು ಕೌದಿಗಿತ್ತಿಯರು ಕೋರ್ಟಿಗೆ ಹೋದರು, ಮರುವರ್ಷ ರಾಜಿ ಆಯಿತು. ಹೆಣ್ಣುಮಕ್ಕಳ ಮನೆಗೆಲಸವನ್ನು ಕಲೆ ಅಂತ ಕರೆದ ಮೇಲೆ ಅದರ ಬೆಲೆಯನ್ನೂ ಅವರ ಕೈಗೇ ಕೊಡಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರನ್ನು ಇಲ್ಲಿ ನೆನೆಯಲೇಬೇಕು. ಅವರ ಹಿರಿಯರೂ ಆಫ್ರಿಕಾದಿಂದ ಬಂದವರು, ತುಂಬಾ ಜನ ಗುಲಾಮರಾಗಿಯೇ. ಅವರೂ ಹಳೆ ಸೀರೆ, ಅಂಗಿಗಳಿಂದ ಕವಂದಿ ಹೊಲಿಯುತ್ತಾರೆ. ಬಣ್ಣದ ಧೈರ್ಯ ನೋಡಿದರೆ ಜೀಸ್ ಬೆಂಡ್ ನೆನಪಾಗುತ್ತದೆ. ಆದರೆ ಕೆಲಸದ ರೀತಿ ಬೇರೆ. ಜೀಸ್ ಬೆಂಡ್‌ನಲ್ಲಿ ಮೇಲ್ಭಾಗ ಮೊದಲು ಜೋಡಿಸಿ, ಆಮೇಲೆ ಪದರ ಹೊಲಿಯುತ್ತಾರೆ. ಸಿದ್ದಿಯರು ಅಂಚಿನಿಂದ ಶುರು ಮಾಡಿ, ತುಂಡು ಇಡುತ್ತಾ ಹೊಲಿಯುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ‘ಫುಲ’ ಅಂತ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಎರಡೂ ಒಂದೇ ಬೇರಿನಿಂದ ಬಂದವು ಅಂತ ಹೇಳೋದಕ್ಕೆ ನಾನು ಹೊರಟಿಲ್ಲ. ಬಡತನ, ಹಳೆಬಟ್ಟೆ, ಸೂಜಿ ಇರುವ ಕಡೆ ಕೌದಿ ಹುಟ್ಟುತ್ತದೆ. ಆದರೂ ಎರಡನ್ನೂ ಅಕ್ಕಪಕ್ಕ ಹಾಸಿ ನೋಡಬೇಕು ಅಂತ ಆಸೆ.

ಲಾಂಚ್ ಮತ್ತೆ ಹೊರಟದ್ದು 2006ರ ಸೆಪ್ಟೆಂಬರ್‌ನಲ್ಲಿ. 44 ವರ್ಷ ಆಗಿತ್ತು. 1962ರಲ್ಲಿ ಹುಟ್ಟಿದ ಮಗುವಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಿರಬಹುದು. 2019ರಿಂದ ಅದು ಬ್ಯಾಟರಿಯಲ್ಲಿ ಓಡುತ್ತದೆ. ಕಾರುಗಳನ್ನು ಹೊತ್ತು ಪೂರ್ತಿ ವಿದ್ಯುತ್ತಿನಲ್ಲಿ ಓಡುವ ಇಂಥ ಲಾಂಚ್ ಅಮೆರಿಕದಲ್ಲಿ ಇದೇ ಮೊದಲು. ಎಷ್ಟೋ ಮಕ್ಕಳು ಕೆಲಸಕ್ಕೆ ಅಂತ ಊರು ಬಿಟ್ಟಿದ್ದಾರೆ, ವಯಸ್ಸಾದವರೇ ಜಾಸ್ತಿ ಉಳಿದಿದ್ದಾರೆ. 2021ರಿಂದ ಕೆಲವರು ಎಟ್ಸಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ತಮ್ಮ ಕೌದಿಗಳನ್ನು ತಾವೇ ಮಾರುತ್ತಿದ್ದಾರೆ. ಅಕ್ಟೋಬರ್‌ನಲ್ಲಿ ಕೌದಿ ಬಿಸಿಲಿಗೆ ಹಾಕುವ ಹಬ್ಬ ಮಾಡುತ್ತಾರೆ. ಮನೆಗಳ ಮುಂದೆ ಹಗ್ಗ ಕಟ್ಟಿ, ಅಜ್ಜಿಯ ಕಾಲದ್ದು, ಮೊನ್ನೆ ಮುಗಿಸಿದ್ದು ಎಲ್ಲ ಒಟ್ಟಿಗೆ ಹರವುತ್ತಾರೆ. ಬಂದವರು ಒಂದೊಂದೇ ನೋಡುತ್ತಾ ಬೆಲೆ ಕೇಳುತ್ತಾರೆ. ಬೆಲೆ ಹೇಳುವವರು ಅದನ್ನು ಹೊಲಿದವರು.